ಹೊಲಿಯದೆ ಬಿಟ್ಟ ಗಾಯ

ಮೊದಲು ಕಂಡದ್ದು ಕಾಲಿನ ಹೆಬ್ಬೆರಳು. ತಣ್ಣಗಿತ್ತು. ಉಗುರು ಒತ್ತಿ ಬಿಟ್ಟೆ. ಕೆಂಪು ಮರಳಲಿಲ್ಲ.

ಆ ಬೆಳಿಗ್ಗೆ ಕಿತ್ತ ಹುರುಳಿ ಗಿಡಗಳನ್ನು ಡಾಂಬರು ರಸ್ತೆಗೆ ಹರಡಿದ್ದೆವು. ನಮ್ಮ ಹಾರನಹಳ್ಳಿ ಕಡೆ ಹಾಗೆಯೇ. ಓಡಾಡುವ ವಾಹನಗಳೇ ಕಾಳು ಬಿಡಿಸಿಕೊಡುತ್ತವೆ. ಏಳು ವರ್ಷದ ಮೊಮ್ಮಗಳು ಚಂದನಾ ಕಣ್ಣಾಮುಚ್ಚಾಲೆ ಆಡುತ್ತ ಸೊಪ್ಪಿನೊಳಗೆ ಹುದುಗಿ ಕುಳಿತಿದ್ದಳು. ಚಾಚಿದ ಕಾಲು ಯಾರಿಗೂ ಕಾಣಲಿಲ್ಲ. ಗೂಡ್ಸ್ ಟೆಂಪೋದ ಚಕ್ರ ಅವಳ ಮೊಣಕಾಲಿನ ಕೆಳಗೆ ಹತ್ತಿಳಿಯಿತು.

ರಕ್ತ ಬರಲಿಲ್ಲ.

ಅದೇ ನಮ್ಮನ್ನು ಏಮಾರಿಸಿತು. ಸೊಪ್ಪಿನ ಮೆತ್ತೆ ಕಾಪಾಡಿತು ಎಂದರು ಎಲ್ಲರೂ. ನನ್ನ ನಾದಿನಿ ಪುಟ್ಟಮ್ಮ ದನಕರುಗಳ ಕಾಲಿಗೆ ಕಟ್ಟು ಹಾಕಿ ಪಳಗಿದವಳು. ಮೊಟ್ಟೆಯ ಬಿಳಿ ಸವರಿ, ಬಿದಿರಿನ ದಬ್ಬೆ ಇಟ್ಟು, ಹಳೆಯ ಪಂಚೆಯಿಂದ ಸುತ್ತಿದಳು.

"ಬಾವು ಏರ್ಬಾರ್ದು ಅಂದ್ರೆ ಬಿಗೀಬೇಕು ಕಣತ್ತಿಗೆ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಮಗು ಚೀರತೊಡಗಿತು. ಕಟ್ಟು ಮುಟ್ಟಬೇಡಿ ಎಂದಳು ಪುಟ್ಟಮ್ಮ. ನಾನು ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡುವುದು ನಿವೃತ್ತಿಯ ನಂತರವೂ ಬಿಡದ ಅಭ್ಯಾಸ. ಕಟ್ಟಿನಿಂದ ಹೊರಗಿದ್ದ ಬೆರಳುಗಳನ್ನು ನೋಡಿದೆ. ಕೂಡಲೇ ಮಗ ಮಹೇಶನನ್ನು ಹೊರಡಿಸಿದೆ.

ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕತ್ತರಿಯಿಂದ ಕಟ್ಟು ಕತ್ತರಿಸಿದರು. ಕಾಲು ಹೊಳೆಯುತ್ತಿತ್ತು, ಮುಟ್ಟಿದರೆ ಮರದಂತಿತ್ತು. ಅವರು ಹೆಬ್ಬೆರಳನ್ನು ಮೆಲ್ಲಗೆ ಮೇಲೆತ್ತಿದರು. ಮಗು ಕೂಗಿದ ಕೂಗಿಗೆ ಮಹೇಶ ಗೋಡೆಯ ಕಡೆ ತಿರುಗಿ ನಿಂತ. ಕ್ರಷ್ ಇಂಜುರಿ, ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎಂದರು. ಜಜ್ಜಿದ ಮಾಂಸ ಊದಿಕೊಂಡಿದೆ, ಒಳಗೆ ಜಾಗವಿಲ್ಲ, ಬಿಗಿ ಕಟ್ಟು ಇನ್ನಷ್ಟು ಅದುಮಿದೆ, ರಕ್ತ ಹರಿಯುತ್ತಿಲ್ಲ. ಆಂಬುಲೆನ್ಸ್ ಹತ್ತಿಸಿದರು. ಹುಣಸೂರು ದಾಟುವಾಗಲೂ ನಾನು ಆ ಬೆರಳನ್ನು ಹಿಡಿದೇ ಇದ್ದೆ.

"ಕಾಲು ಉಳಿಯುತ್ತಾ?" ಎಂದು ಮೈಸೂರಿನ ಸರ್ಜನ್ನರನ್ನು ಕೇಳಿದೆ.

"ಈಗ ತೆರೆದರೆ ಪ್ರಯತ್ನ ಮಾಡಬಹುದಮ್ಮ."

ಕಾಲಿನ ಎರಡೂ ಬದಿ ಉದ್ದಕ್ಕೆ ಸೀಳಿದರು. ಹೊಲಿಯಲಿಲ್ಲ. ಊತ ಇಳಿಯುವವರೆಗೂ ತೆರೆದೇ ಇರಬೇಕು ಎಂದರು. ಮಡಿಸದ ಹೊದಿಕೆ, ಮುಚ್ಚದ ಡಬ್ಬ ಕಂಡರೆ ಸಹಿಸದವಳು ನಾನು. ಡ್ರೆಸ್ಸಿಂಗ್ ಬಿಚ್ಚಿದಾಗ ಮೊಮ್ಮಗಳ ಕಾಲಿನ ಒಳಭಾಗವನ್ನೇ ನೋಡಬೇಕಾಗಿ ಬಂತು; ಮುಚ್ಚದಿರುವುದೇ ಅವಳನ್ನು ಉಳಿಸುತ್ತಿದೆ ಎಂದು ಮನಸ್ಸಿಗೆ ದಿನವೂ ಹೇಳಿಕೊಳ್ಳಬೇಕಾಯಿತು. ಮೂತ್ರ ಕಾಫಿ ಡಿಕಾಕ್ಷನ್‌ನಂತೆ ಇಳಿಯುತ್ತಿತ್ತು. ಜಜ್ಜಿದ ಮಾಂಸದ ವಿಷ ಕಿಡ್ನಿಗೂ ತಾಕಬಹುದು, ಬಣ್ಣ ನೋಡುತ್ತಿರಿ ಎಂದರು ನರ್ಸ್. ನೋಡಿದೆ. ಅದು ತಿಳಿಯಾಗುತ್ತ ಬಂದಂತೆ ನನಗೆ ಅನ್ನ ಇಳಿಯಿತು.

ಪುಟ್ಟಮ್ಮ ಆಸ್ಪತ್ರೆಯ ಕಡೆ ಸುಳಿಯಲಿಲ್ಲ. ಮಹೇಶ ಅವಳೊಡನೆ ಮಾತು ಬಿಟ್ಟಿದ್ದ. ನಾನೇ ಫೋನ್ ಮಾಡಿದೆ.

"ನನ್ ಕೈನಿಂದ್ಲೇ ಮಗೀನ್ ಕಾಲ್ ಓಯ್ತಲ್ಲ ಅತ್ತಿಗೆ" ಎಂದಳು.

"ಹೋಗಿಲ್ಲ. ಬಂದು ನೋಡು."

ಬಂದಳು. ತೊಡೆಯ ಚರ್ಮ ತೆಗೆದು ಗಾಯಕ್ಕೆ ಹಾಕಿದ್ದ ಸ್ಕಿನ್ ಗ್ರಾಫ್ಟ್ ಆಗ ಹಿಡಿದಿತ್ತು. ಪುಟ್ಟಮ್ಮ ಬಾಗಿಲಲ್ಲೇ ನಿಂತಳು.

"ಪುಟ್ಟಜ್ಜಿ, ನಿನ್ ಕಟ್ನ ಡಾಕ್ಟ್ರು ಕತ್ರುಸ್‌ಬುಟ್ರು ಕಣಜ್ಜಿ" ಎಂದಳು ಚಂದನಾ, ಚಾಡಿ ಹೇಳುವವಳಂತೆ.

"ಒಳ್ಳೇದೇ ಮಾಡವ್ರೆ ಬುಡವ್ವ."

ಈಗ ಮನೆಯಲ್ಲಿದ್ದೇವೆ. ಕಾಲು ಉಳಿದಿದೆ. ಪಾದ ಇನ್ನೂ ಜೋಲುತ್ತದೆ. ಓಡುತ್ತಾಳೆಯೇ ಎಂದರೆ ಡಾಕ್ಟರು ಮಾತು ಕೊಡುವುದಿಲ್ಲ. ನಡೆಯುತ್ತಾಳೆ, ಗೋಡೆ ಹಿಡಿದು. ಅಷ್ಟಕ್ಕೆ ಕೈ ಮುಗಿಯುತ್ತೇನೆ. ಹುರುಳಿಯನ್ನು ಇನ್ನು ಕಣದಲ್ಲೇ ಬಡಿಯುವುದೆಂದು ಮಹೇಶ ಹೇಳಿದ್ದಾನೆ.

ಪಾದ ಜೋಲದಂತೆ ಸ್ಪ್ಲಿಂಟ್ ಕಟ್ಟುವ ಕೆಲಸವನ್ನು ನಾನು ಪುಟ್ಟಮ್ಮನಿಗೇ ವಹಿಸಿದೆ. ಮಹೇಶ ಮುಖ ಸಿಂಡರಿಸಿದ, ನಾನು ಜಗ್ಗಲಿಲ್ಲ. ಬೆಳಿಗ್ಗೆ ಅವಳು ಪಟ್ಟಿ ಎಳೆಯುತ್ತಾಳೆ, ಸಡಿಲಿಸುತ್ತಾಳೆ, ಒಳಗೆ ಬೆರಳು ತೂರಿಸಿ ನೋಡುತ್ತಾಳೆ.

"ಇಂಗ್ ಕಟ್ಟುದ್ರೆ ಬಿದ್ದೋಯ್ತದೆ ಕಣಜ್ಜಿ" ಎಂದು ಮಗು ನಗುತ್ತದೆ.

ಪುಟ್ಟಮ್ಮ ನಗುವುದಿಲ್ಲ. ಹೆಬ್ಬೆರಳ ಉಗುರನ್ನು ಒತ್ತಿ ಬಿಡುತ್ತಾಳೆ. ಅದು ಬಿಳಿಚಿ, ಮತ್ತೆ ಕೆಂಪೇರುವವರೆಗೂ ಕೂತಲ್ಲಿಂದ ಏಳುವುದಿಲ್ಲ.