ಹಳದಿ ಬಿದ್ದ ಕೋಸು

"ನೋಡಮ್ಮಿ, ಹೊಗೆಸೊಪ್ಪಿನಂಗೆ ಕೋಸಿಗೂ ಬಣ್ಣ ಬತ್ತಾ ಅದೆ," ಎಂದು ಆ ಸಂಜೆ ನನ್ನ ಗಂಡ ನಕ್ಕರು. ಹುಣಸೂರಿನ ಬಳಿ ಹೊಗೆಸೊಪ್ಪನ್ನೇ ಬೆಳೆದವರು ನಾವು. ಎಲೆ ಹಳದಿಯಾದರೆ ಹದ ಬಂತೆಂದು ಹಿಗ್ಗುವವರು. ಎಲೆಕೋಸು ಹಾಕಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಎದೆನೋವು ಬಂದು ಅವರು ತೀರಿಕೊಂಡರು.

ಅವರ ಸಮಾಧಿಗೆ ಹಾಲುತುಪ್ಪ ಬಿಟ್ಟ ಮಾರನೇ ದಿನ, ತರಕಾರಿ ಬೆಳೆಯುವ ಪಕ್ಕದ ಹೊಲದ ಮಾದೇವಕ್ಕ ನನ್ನನ್ನು ಕೋಸಿನ ಸಾಲಿಗೆ ಎಳೆದೊಯ್ದಳು. ಎಲೆಯ ಅಂಚಿನಿಂದ ಒಳಕ್ಕೆ ಚೂಪಾಗುತ್ತ ಹೋದ ಹಳದಿ ಮಚ್ಚೆ, ಅದರೊಳಗೆ ಕಪ್ಪಾದ ನರಗಳು.

"ಇದು ಕಪ್ಪುಕೊಳೆ ರೋಗ ಕಣವ್ವ. ಹೊಗೆಸೊಪ್ಪಿನೋರು ನೀವು, ಅಳದಿ ಕಂಡ್ರೆ ಸಾಕು, ನಗ್ತೀರ."

ಗಂಡ ತೀರಿಕೊಂಡ ಮೇಲೆ ನಾನು ಮೊದಲ ಸಲ ನಕ್ಕೆ.

ಅವರು ಕೊನೆಯದಾಗಿ ನೆಟ್ಟ ಬೆಳೆ ಅದು, ಉಳಿಸಿಕೊಳ್ಳಲೇಬೇಕಿತ್ತು. ಒದ್ದೆ ಗಿಡ ಮುಟ್ಟಿದರೆ ರೋಗ ಹರಡುತ್ತದೆಂದು ನಾನೂ ಮಾದೇವಕ್ಕನೂ ಇಬ್ಬನಿ ಆರುವವರೆಗೆ ಕಾದು, ರೋಗದ ಗಿಡಗಳನ್ನು ಕಿತ್ತು ದೂರದಲ್ಲಿ ಹೂತೆವು. ತುಂತುರು ನೀರು ನಿಲ್ಲಿಸಿ ಬುಡಕ್ಕಷ್ಟೇ ಹಾಯಿಸಿದೆವು. ಬಹುಪಾಲು ಗಿಡಗಳು ಉಳಿದವು.

ಮೊನ್ನೆ ಕೊಯ್ಲಾಯಿತು. ಕೋಸುಗಳು ಗಟ್ಟಿಯಾಗಿ, ನೋಡಲು ಚೆಂದವಾಗಿದ್ದವು. ಮೂಟೆಯ ಇನ್ನೊಂದು ತುದಿ ಹಿಡಿಯಲು ಅವರಿರಲಿಲ್ಲ.