ಗುಂಡುಕಲ್ಲು ಮಾವನೂ ಕರೆಂಟು ಉಳಿಸುವ ಯಂತ್ರವೂ

ನಮ್ಮ ಮಾವ ಕಚೇರಿಯಲ್ಲಿ ಗುಮಾಸ್ತ. ಕಿಟಕಿಯಿಲ್ಲದ ಕೋಣೆಯಲ್ಲಿ ಒಮ್ಮೆ ಕೂತನೆಂದರೆ ಕಣ್ಣು, ಬೆರಳು ಬಿಟ್ಟು ಮತ್ತೇನೂ ಅಲುಗದು. ಅದಕ್ಕೇ ಎಲ್ಲರ ಬಾಯಲ್ಲೂ ಅವನ ಹೆಸರು ಗುಂಡುಕಲ್ಲು. ಅಂಥ ಕಚೇರಿಗೆ ಭೂಮಿಯನ್ನೇ ಉಳಿಸಲು ಒಂದು ಜಾಣ ಯಂತ್ರ ಬಂತು. ಅಲುಗಾಟ ಕಾಣದೆ ಕೋಣೆಯಲ್ಲಿ ಮನುಷ್ಯರಿಲ್ಲ ಅನ್ನಿಸಿದರೆ ತಾನೇ ದೀಪ, ಫ್ಯಾನು ಆರಿಸುತ್ತದಂತೆ. ‘ನಂಬಿಕೆಗೆ ಅರ್ಹ, ಸಂಪೂರ್ಣ ಸುರಕ್ಷಿತ’ ಎಂದು ಮೈಮೇಲೇ ಬರೆದುಕೊಂಡಿತ್ತು. ಬರೆದ ಮೇಲೆ ನಂಬದಿರುವುದುಂಟೇ?

ವಾರದೊಳಗೆ ಅದು ವರದಿ ಕೊಟ್ಟಿತು: ಮಾವನ ಕೋಣೆ ಸದಾ ಖಾಲಿ, ಅಲ್ಲಿನ ಹುದ್ದೆ ದಂಡ.

“ಮದುವೆಯಾದಾಗಿನಿಂದ ನಾನೂ ಅದನ್ನೇ ಹೇಳ್ತಿದ್ದೀನಿ, ಯಾರು ಕೇಳಿದ್ರು?” ಅಂದಳು ಅತ್ತೆ.

ಕೆಲಸ ಹೋಗುವ ಭಯಕ್ಕೆ ಮಾವ ಸಾಹೇಬರನ್ನೇ ಕೋಣೆಗೆ ಕರೆತಂದ. “ಸ್ವಾಮಿ, ನಾನು ದಿನಾ ಇಲ್ಲೇ ಇರ್ತೀನಿ!”

“ಯಂತ್ರ ಸುಳ್ಳು ಹೇಳಲ್ಲ ಕಣ್ರೀ. ನೀವು ಆಚೆ ನಿಲ್ಲಿ. ಕೆಲಸ ಮಾಡೋರನ್ನ ಅದು ಹೇಗೆ ಗುರುತು ಹಿಡಿಯುತ್ತೆ ಅಂತ ನಾನು ಕೂತು ತೋರಿಸ್ತೀನಿ.”

ಸಾಹೇಬರು ಕೂತು ಕಡತ ಬಿಚ್ಚಿದರು. ಒಂದು ಪುಟ ಓದಿ ಮುಗಿಯುವ ಮೊದಲೇ ದೀಪ ಆರಿತು.

ಕತ್ತಲೊಳಗಿಂದ ದನಿ ಬಂತು: “ಏನ್ರೀ, ಆ ವರದಿ ಮೇಲಿನವರಿಗೆ ಹೋಯ್ತಾ?”

“ಇಲ್ಲ ಸ್ವಾಮಿ, ನಿಮ್ಮ ಸಹಿಗೆ ಕಾಯ್ತಿದೆ.”

“ಕಾಯ್ಲಿ ಬಿಡಿ.”