ಕಟ್ಟೆಯ ಮೇಲಿನ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಭೂತ ಅಂದರೆ ನನಗೆ ನಗು ಬರುತ್ತಿತ್ತು. ಹಾರರ್ ಸಿನಿಮಾ ನೋಡಿ ಅದರ ಕಥೆಯನ್ನು ಫೇಸ್‌ಬುಕ್ಕಿನಲ್ಲಿ ಬರೆಯುವವಳು ನಾನು, ನಿಮಗೆ ಗೊತ್ತೇ ಇದೆ. "ಅಕ್ಕಾರ, ಒಬ್ರ ಕುಂತು ನೋಡ್ತೀರಿ, ಅಂಜಿಕಿ ಬರಂಗಿಲ್ಲೇನ್ರಿ?" ಎಂದು ಕೇಳಿದವರಿಗೆ, ಹಿಟ್ಟು ನಾದುತ್ತಲೇ ನೋಡುತ್ತೇನೆ ಎಂದು ಉತ್ತರ ಕೊಟ್ಟಿದ್ದೇನೆ. ಇವತ್ತು ಬರೆಯುತ್ತಿರುವುದು ಮಾತ್ರ ಸಿನಿಮಾ ಅಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೊರೊನಾದ ಎರಡನೇ ಅಲೆಯ ದಿನಗಳು. ಬನಹಟ್ಟಿಯಲ್ಲಿ ನಮ್ಮ ಓಣಿಯ ಎರಡೂ ತುದಿಗೆ ಬೊಂಬು ಕಟ್ಟಿದ್ದರು. ಮಗ್ಗಗಳು ಬಂದ್ ಆಗಿ, ಊರಿಗೆ ಊರೇ ಕಿವುಡಾದಂತಿತ್ತು. ನನಗೂ ನನ್ನ ಗಂಡನಿಗೂ ಒಟ್ಟಿಗೇ ಜ್ವರ ಬಂತು. ಮನೆಯಲ್ಲಿ ನಾವಿಬ್ಬರೇ. ಎದ್ದು ಒಲೆ ಹಚ್ಚುವಷ್ಟು ತ್ರಾಣ ಇಬ್ಬರಿಗೂ ಇರಲಿಲ್ಲ. ಸಕ್ಕರೆಗೋ ಸುದ್ದಿಗೋ ದಿನವೂ ಬರುತ್ತಿದ್ದ ಎದುರುಮನೆಯ ಶಾಂತಕ್ಕ, ನಾನು ಕೆಮ್ಮಿದ್ದು ಕೇಳಿ ಕಿಟಕಿ ಮುಚ್ಚಿಕೊಂಡಳು.

ಹಿಂದಿನ ವಾರವಷ್ಟೇ ಗಂಡ ಹೆಂಡತಿ ಕೂತು ಒಂದು ಸಿನಿಮಾ ನೋಡಿದ್ದೆವು. ಊರಿಗೆ ರೋಗ ಬರುತ್ತದೆ. ಯಾರೋ ಮನೆಮನೆಯ ಬಾಗಿಲಲ್ಲಿ ಊಟ ಇಟ್ಟು ಹೋಗುತ್ತಾರೆ. ತಿಂದವರೆಲ್ಲ ಸಾಯುತ್ತಾರೆ. ಯಾರನ್ನೂ ನಂಬದೆ ಅಗುಳಿ ಹಾಕಿಕೊಂಡು ಕೂತವನೊಬ್ಬ ಬದುಕುತ್ತಾನೆ. ರೋಗದ ಮೇಲೆ ಬಂದ ಸಿನಿಮಾಗಳೆಲ್ಲ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ: ಬಾಗಿಲಲ್ಲಿ ನಿಂತವನೇ ನಿನ್ನ ವೈರಿ.

ಬರೀ ಬಿಸ್ಕೀಟು ತಿಂದು ದಿನ ದೂಡುತ್ತಿದ್ದೆವು. ಒಂದು ಮಟಮಟ ಮಧ್ಯಾಹ್ನ ಹೊರಗೆ ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟ ಸಪ್ಪಳವಾಯಿತು. ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆರೆದೆ. ಓಣಿಯಲ್ಲಿ ನರಪಿಳ್ಳೆ ಇಲ್ಲ. ಡಬ್ಬಿ ಮುಟ್ಟಿದರೆ ಬಿಸಿ.

ಮುಚ್ಚಳ ಎಳೆದೆ, ಬರಲಿಲ್ಲ. ನನ್ನ ಹೆಬ್ಬೆರಳು ತಾನಾಗಿಯೇ ಎಡಕ್ಕೆ ಹೋಗಿ ಅಲ್ಲಿದ್ದ ತಗ್ಗನ್ನು ಒತ್ತಿತು. ತಟ್ಟನೆ ತೆರೆಯಿತು. ಆಗ ಮೈ ಜುಮ್ಮೆಂದಿತು. ಎತ್ತಿ ತಳ ನೋಡಿದೆ. ನನ್ನ ಹೆಸರು! ಮದುವೆಯಲ್ಲಿ ಸೋದರಮಾವ ಕೊರೆಸಿ ಕೊಟ್ಟಿದ್ದ ಡಬ್ಬಿ ಅದು.

ಆ ಡಬ್ಬಿ ಬೀಳಗಿ ಕಡೆ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷಗಳಾಗಿದ್ದವು. ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಉಂಡಾದ ಮೇಲೆ ತೊಳೆಯಲೆಂದು ನೀರು ತುಂಬಿ, ಮುಚ್ಚಳ ಹಾಕಿ ಕುಲುಕುತ್ತಿದ್ದಾಗ ಕೈಯಿಂದ ಜಾರಿತು. ಅದು ಆಳಕ್ಕೆ ಇಳಿದದ್ದನ್ನು ನಾವಿಬ್ಬರೂ ನಿಂತು ನೋಡಿದ್ದೇವೆ.

ಒಳಗೆ ತಂದಾಗ ನನ್ನ ಗಂಡ ಹಾಸಿಗೆಯಲ್ಲಿ ಎದ್ದು ಕೂತರು. "ಯಾರ ಕೊಟ್ರು?"

"ಯಾರೂ ಇಲ್ರಿ. ಇದು ನಮ್ದ ಡಬ್ಬಿ. ಹಿನ್ನೀರಾಗ ಮುಳುಗಿದ್ದು."

ತಳ ನೋಡಿ ಅವರ ಮುಖ ಬಿಳಿಚಿತು. "ತಿನ್ನಬ್ಯಾಡ. ಚೆಲ್ಲಿ ಬಾ. ಪಿಕ್ಚರ್ ನೋಡಿಲ್ಲೇನ?"

"ಪಿಕ್ಚರ್‌ನ್ಯಾಗ ಜೋಳದ ರೊಟ್ಟಿ ಎಲ್ಲಿತ್ರಿ?"

"ಚ್ಯಾಷ್ಟಿ ಮಾಡಬ್ಯಾಡಲೇ. ಸಾಯ್ತಿ."

"ಹಸ್ತು ಸಾಯೂದ್ಕಿಂತ ಉಂಡ ಸಾಯ್ತೀನಿ, ಬಿಡ್ರಿ."

ಅಂಜಿಕೆ ನನಗೂ ಇತ್ತು, ಸುಳ್ಳೇಕೆ ಹೇಳಲಿ? ಆದರೆ ಅದಕ್ಕಿಂತ ಸಿಟ್ಟು ಜಾಸ್ತಿ ಇತ್ತು. ಯಾರೋ ತಟ್ಟಿ ತಂದ ರೊಟ್ಟಿಯನ್ನು ಕಂಡೊಡನೆ ವಿಷ ಅಂದುಕೊಳ್ಳುವಷ್ಟು ನಾವು ಯಾವಾಗ ಕೆಟ್ಟೆವು? ರೊಟ್ಟಿ ಮುರಿದೆ, ಕಡಲೆಹಿಟ್ಟಿನ ಜುಣಕ ಹಚ್ಚಿಕೊಂಡೆ, ತಿಂದೆ. ಬಾಯಿಗೆ ರುಚಿಯೇ ಹತ್ತದ ದಿನಗಳವು. ಆದರೂ ಅದರ ಜೊತೆಗಿದ್ದ ಶೇಂಗಾ ಹಿಂಡಿಯ ಖಾರ ನೆತ್ತಿಗೇರಿತು. ನಾನು ಸಾಯುತ್ತೇನೋ ಇಲ್ಲವೋ ಎಂದು ನನ್ನ ಗಂಡ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈ ಚಾಚಿ, "ಒಂದು ಇತ್ಲಾಗ ಕೊಡು" ಅಂದರು.

ಜ್ವರ ಇಳಿದ ಮೇಲೆ ವಿಚಾರಿಸದೆ ಬಿಟ್ಟೆನೇ? ಬೊಂಬಿನ ಹತ್ತಿರ ಕಾವಲಿದ್ದವನು, "ನೊಣಾನೂ ದಾಟಿಲ್ರಿ ಅಕ್ಕಾರ" ಅಂದ. ಶಾಂತಕ್ಕನನ್ನು ಕೇಳಿದರೆ, "ನಾ ಕೊಟ್ಟಿದ್ರ ಓಣಿ ತುಂಬ ಹೇಳ್ತಿದ್ದಿಲ್ಲೇನವಾ?" ಅಂದಳು. ಅದು ಮಾತ್ರ ಖರೆ.

ಮುಂದೆ ಕೆಲವೇ ದಿನಗಳಲ್ಲಿ ಆಕೆಗೇ ಜ್ವರ. ಅದೇ ಡಬ್ಬಿಯಲ್ಲಿ ಬಿಸಿ ರೊಟ್ಟಿ ಹಾಕಿಕೊಂಡು, ಮಾಸ್ಕ್ ಬಿಗಿದುಕೊಂಡು ಹೋಗಿ ಬಾಗಿಲು ಬಡಿದೆ.

"ಅಲ್ಲೇ ಇಟ್ಟು ಹೋಗ ನಮ್ಮವ್ವ."

"ಇಟ್ಟು ಹೋಗಂಗಿಲ್ಲ. ಬಾಗ್ಲಾ ತಗದು ಯಾರ ಕೊಟ್ರು ನೋಡು, ಆಮ್ಯಾಲ ಉಣ್ಣು."

ಕೊನೆಗೆ ಅಗುಳಿ ಸರಿಯಿತು. ದೂರ ನಿಂತು ನನ್ನನ್ನು ನೋಡಿ ಆಕೆ ಅತ್ತುಬಿಟ್ಟಳು. ಹುಷಾರಾದ ಮೇಲೆ ಡಬ್ಬಿಯೊಳಗೆ ಬೆಲ್ಲದ ಹೆಂಟೆ ಹಾಕಿ ತಂದುಕೊಟ್ಟಳು. ಊಟ ಬಂದ ಡಬ್ಬಿಯನ್ನು ಖಾಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ.

ಆ ಡಬ್ಬಿ ಎಲ್ಲಿಂದ ಬಂತು, ಯಾರು ತಂದರು, ಇವತ್ತಿಗೂ ನನಗೆ ತಿಳಿದಿಲ್ಲ. "ಅಂಥಾದ್ದ ಇನ್ನೊಂದು ಡಬ್ಬಿ ಇರಬೇಕು" ಅನ್ನುತ್ತಾರೆ ನನ್ನ ಗಂಡ, ಆದರೆ ಅದನ್ನು ಕೈಯಲ್ಲಿ ಮುಟ್ಟುವುದಿಲ್ಲ. ನೀವೂ ಕೆಳಗೆ ಏನು ಬೇಕಾದರೂ ಕಾಮೆಂಟ್ ಹಾಕಿ. ಡಬ್ಬಿ ನನ್ನ ಅಡುಗೆಮನೆಯಲ್ಲಿದೆ. ಬಂದು ನೋಡಿ, ಎಡಕ್ಕೆ ಒತ್ತದೆ ತೆರೆಯುವುದಿಲ್ಲ. ಅದನ್ನು ನಾನು ಒಂದು ದಿನವೂ ಖಾಲಿ ಇಟ್ಟಿಲ್ಲ. ತಂದಿಟ್ಟವರು ಮನುಷ್ಯರಾಗಲಿ, ಇನ್ನೇನೇ ಆಗಲಿ, ಕದ್ದು ಬರುವುದು ಬೇಡ. ಬಾಗಿಲು ಬಡಿಯಲಿ. ನಾನು ತೆರೆಯುತ್ತೇನೆ.